ಬ್ಲೂಸ್ ಹಾಡೂ ಲೋಂಡಾದ ಕಾಡೂ

ರೈಲಿಗಾಗಿ ಕಾಯುವುದೆಂದರೆ ಏನೆಂಬುದು ಲೋಂಡಾ ಜಂಕ್ಷನ್ನಿನಲ್ಲಿ ಒಂದು ಇರುಳು ಕಳೆದವರಿಗೆ ಚೆನ್ನಾಗಿ ಗೊತ್ತು. ಬೆಳಗಾವಿ, ಖಾನಾಪುರಗಳ ಕಡೆಯಿಂದ ಒಂದು ಹಳಿ ಬರುತ್ತದೆ. ಧಾರವಾಡ, ಅಳ್ನಾವರಗಳ ಕಡೆಯಿಂದ ಇನ್ನೊಂದು. ಮೂರನೆಯದು ಕ್ಯಾಸಲ್‌ರಾಕ್ ದಾಟಿ ಘಟ್ಟವಿಳಿದು ಗೋವೆಗೆ ಹೋಗುತ್ತದೆ. ಸುತ್ತಲೂ ಕಾಡು; ಮಳೆಗಾಲವಾದರಂತೂ ತಗಡಿನ ಮೇಲೆ ಬೀಳುವ ಮಳೆಯ ಸದ್ದಲ್ಲದೆ ಬೇರೊಂದು ಕೇಳಿಸದು. ಇಂತಹ ಕಡೆ ಕುಳಿತವನಿಗೆ ತೂಕಡಿಕೆ ಬರಬೇಕು, ಇಲ್ಲವೆ ಹಾಡು ನೆನಪಾಗಬೇಕು.

ಇಂತಹುದೇ ಒಂದು ಸ್ಟೇಶನ್ನಿನಲ್ಲಿ, ಸುಮಾರು 1903ರಲ್ಲಿ, ಒಬ್ಬ ಮನುಷ್ಯ ರೈಲಿಗಾಗಿ ಕಾಯುತ್ತ ನಿದ್ದೆ ಹೋಗಿದ್ದ. ಅಮೇರಿಕೆಯ ಮಿಸಿಸಿಪ್ಪಿ ಸಂಸ್ಥಾನದ ಟಟ್‌ವೈಲರ್ ಎಂಬ ಸಣ್ಣ ಊರು. ಗಾಡಿ ಒಂಬತ್ತು ಗಂಟೆ ತಡವಾಗಿತ್ತು. ಕಾಯುತ್ತಿದ್ದವನ ಹೆಸರು ಡಬ್ಲ್ಯು. ಸಿ. ಹ್ಯಾಂಡಿ, ಕಪ್ಪು ಜನರ ಬ್ಯಾಂಡೊಂದರ ನಾಯಕ, ಸ್ವರಲಿಪಿ ಬಲ್ಲ ವಿದ್ವಾಂಸ. ಎಚ್ಚರವಾದಾಗ ಪಕ್ಕದಲ್ಲಿ ಹರಕು ಬಟ್ಟೆಯ ಒಬ್ಬ ಕರಿಯ ಕುಳಿತು ಗಿಟಾರಿನ ತಂತಿಗಳ ಮೇಲೆ ಚೂರಿಯ ಬೆನ್ನನ್ನು ಜಾರಿಸುತ್ತ ಹಾಡುತ್ತಿದ್ದ. ಎರಡು ರೈಲು ಹಳಿಗಳು ಒಂದನ್ನೊಂದು ದಾಟುವ ಜಾಗಕ್ಕೆ ತಾನು ಹೋಗುತ್ತೇನೆಂಬುದಷ್ಟೇ ಹಾಡಿನ ವಿಷಯ. ಅದೊಂದೇ ಸಾಲನ್ನು ಆತ ಮೂರು ಸಲ ಹಾಡಿದ. ಅಷ್ಟು ವಿಲಕ್ಷಣವಾದ ಸಂಗೀತವನ್ನು ತಾನು ಹಿಂದೆಂದೂ ಕೇಳಿರಲಿಲ್ಲವೆಂದು ಹ್ಯಾಂಡಿ 1941ರಲ್ಲಿ ಪ್ರಕಟವಾದ ತನ್ನ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ಆ ಹಾಡುಗಾರನ ಹೆಸರನ್ನು ಮಾತ್ರ ಆತ ಬರೆದಿಲ್ಲ.

ಆ ಸಂಗೀತವೇ ಬ್ಲೂಸ್. ಅದರ ಮಗನೇ ರಾಕ್ ಅಂಡ್ ರೋಲ್. ಇಷ್ಟು ಹೇಳಿದರೆ ವಾಚಕರು, “ಸರಿ, ಆದರೆ ಇದಕ್ಕೂ ಲೋಂಡಾಕ್ಕೂ ಏನು ಸಂಬಂಧ? ಎರಡೂ ಕಡೆ ಗಾಡಿ ತಡವಾಗುತ್ತದೆಂಬುದಷ್ಟೆಯೆ?” ಎಂದು ಕೇಳಬಹುದು. ಸಂಬಂಧ ಎರಡು ಬಗೆಯಾಗಿದೆ. ಒಂದು ರೈಲಿನ ಹಳಿಯ ಮೇಲೆ ಬಂದದ್ದು. ಇನ್ನೊಂದು ಹಳಿಗಿಂತ ಬಹಳ ಮೊದಲೇ ಕಾಲ್ನಡಿಗೆಯಲ್ಲಿ ಘಟ್ಟ ಹತ್ತಿ ಬಂದು ಈ ಕಾಡಿನಲ್ಲಿ ನೆಲೆಸಿದ್ದು. ಎರಡನೆಯದನ್ನು ಅರಿಯಬೇಕಾದರೆ ಮೊದಲು ಬ್ಲೂಸಿನ ಹುಟ್ಟನ್ನು ನೋಡಬೇಕು.

ಆಫ್ರಿಕೆಯ ಪಶ್ಚಿಮ ಹಾಗೂ ಮಧ್ಯಭಾಗಗಳಿಂದ ಲಕ್ಷಾಂತರ ಜನರನ್ನು ಹಡಗಿನ ತಳದಲ್ಲಿ ತುಂಬಿ ಅಮೇರಿಕೆಗೆ ಸಾಗಿಸಿದ ಕಥೆ ಎಲ್ಲರಿಗೂ ತಿಳಿದದ್ದೇ. ಅವರ ಕೈಯಲ್ಲಿ ವಾದ್ಯವಿರಲಿಲ್ಲ. ಆದರೆ ಲಯ ಮೈಯಲ್ಲಿತ್ತು. ಹೋದಲ್ಲಿ ಮರ ಕೊರೆದು, ತೊಗಲು ಬಿಗಿದು, ನಗಾರಿಗಳನ್ನು ಮಾಡಿಕೊಂಡರು. 1739ರಲ್ಲಿ ದಕ್ಷಿಣ ಕ್ಯಾರೊಲಿನಾದ ಸ್ಟೋನೊ ನದಿಯ ಬಳಿ ಗುಲಾಮರು ದಂಗೆಯೆದ್ದರು. ನಗಾರಿ ಬಾರಿಸುತ್ತ, ಬಾವುಟ ಹಿಡಿದು ನಡೆದರು. ದಂಗೆಯನ್ನು ಹತ್ತಿಕ್ಕಿದ ಒಡೆಯರು ಮರುವರ್ಷ, 1740ರಲ್ಲಿ, ಒಂದು ಕಾಯಿದೆ ಮಾಡಿದರು. ಗುಲಾಮರು ನಗಾರಿಯನ್ನಾಗಲಿ ಕೊಂಬನ್ನಾಗಲಿ ಇಟ್ಟುಕೊಳ್ಳಕೂಡದೆಂಬುದು ಅದರಲ್ಲಿನ ಒಂದು ವಿಧಿ. ಡೋಲಿನ ಸದ್ದು ಒಂದು ತೋಟದಿಂದ ಇನ್ನೊಂದು ತೋಟಕ್ಕೆ ಸುದ್ದಿಯೊಯ್ಯಬಲ್ಲದೆಂಬ ಭಯ ಅವರದು. ಎಲ್ಲ ಕಡೆಯೂ ನಿರ್ಬಂಧ ಒಂದೇ ಸಮನಾಗಿರಲಿಲ್ಲ. ನ್ಯೂ ಆರ್ಲಿಯನ್ಸ್ ನಗರದ ಕಾಂಗೋ ಚೌಕದಲ್ಲಿ ರವಿವಾರಗಳಂದು ಬಹಳ ಕಾಲದವರೆಗೆ ನಗಾರಿಗಳು ನುಡಿಯುತ್ತಿದ್ದವು. ಆದರೂ ಹೆಚ್ಚಿನ ಕಡೆಗಳಲ್ಲಿ ಡೋಲು ಮೌನವಾಯಿತು.

ವಾದ್ಯವನ್ನು ಕಿತ್ತುಕೊಳ್ಳಬಹುದು, ಲಯವನ್ನು ಕಿತ್ತುಕೊಳ್ಳುವುದು ಸಾಧ್ಯವೆ? ಅದು ಅಂಗೈಗೆ ಇಳಿಯಿತು, ಕಾಲಿಗೆ ಇಳಿಯಿತು. ಚಪ್ಪಾಳೆಯಾಯಿತು, ನೆಲ ತುಳಿಯುವ ಹೆಜ್ಜೆಯಾಯಿತು, ಹತ್ತಿಯ ಹೊಲದಲ್ಲಿ ಒಬ್ಬ ಕೂಗಿದರೆ ದೂರದ ಸಾಲಿನಿಂದ ಇನ್ನೊಬ್ಬ ಮಾರ್ದನಿ ಕೊಡುವ ಕೂಗಾಯಿತು. ಕೊನೆಗೆ ಅಗ್ಗದ ಗಿಟಾರು ಕೈಗೆ ಸಿಕ್ಕಿದಾಗ ಹೆಬ್ಬೆರಳು ಡೋಲಿನ ಕೆಲಸ ಮಾಡಿತು. ಉಳಿದ ಬೆರಳುಗಳು ಹಾಡಿಗೆ ಉತ್ತರ ಕೊಟ್ಟವು. 1865ರಲ್ಲಿ ಗುಲಾಮಗಿರಿ ಕಾಯಿದೆಯಿಂದ ಹೋಯಿತು. ಆದರೆ ಮಿಸಿಸಿಪ್ಪಿಯ ಹತ್ತಿಯ ಸೀಮೆಯಲ್ಲಿ ಪಾಲಿಗೆ ಹೊಲ ಮಾಡುವ ರೈತನ ಸಾಲ ಯಾವ ಸುಗ್ಗಿಗೂ ತೀರಲಿಲ್ಲ. ಆ ಸಾಲದ ನಡುವೆ, ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, ಬ್ಲೂಸ್ ರೂಪುಗೊಂಡಿತು.

ಬ್ಲೂಸಿನ ಪದ್ಯದ ಕಟ್ಟಡವನ್ನು ನೋಡಿದಾಗ ಕನ್ನಡಿಗನಿಗೆ ಒಂದು ಪರಿಚಯದ ಮುಖ ಕಂಡಂತಾಗುತ್ತದೆ. ಸಾಮಾನ್ಯವಾಗಿ ಅದಕ್ಕೆ ಮೂರು ಸಾಲು. ಮೊದಲ ಸಾಲಿನಲ್ಲಿ ದುಃಖವೊಂದನ್ನು ಹೇಳುತ್ತಾರೆ; ಅದನ್ನೇ ಎರಡನೆಯ ಸಲ ಹೇಳುತ್ತಾರೆ; ಮೂರನೆಯ ಸಾಲು ಅದಕ್ಕೆ ಉತ್ತರವೋ, ಕೊಂಕೋ, ನಗೆಯೋ ಆಗಿ ಬರುತ್ತದೆ. ನಮ್ಮ ಬೀಸುವ ಕಲ್ಲಿನ ಪದವೂ ತ್ರಿಪದಿಯೇ. ಹಾಡುವಾಗ ನಮ್ಮ ಹೆಣ್ಣುಮಕ್ಕಳು ಎರಡನೆಯ ಸಾಲಿನ ಭಾಗವನ್ನು ಮತ್ತೆ ತಿರುಗಿಸಿ ಹೇಳಿ, ಆಮೇಲೆ ಮೂರನೆಯದಕ್ಕೆ ಹೋಗುತ್ತಾರೆ. ಹೀಗೆ ತಿರುಗಿಸುವುದರಲ್ಲಿ ಹಾಡುವವಳಿಗೆ ಮುಂದಿನ ಮಾತು ಹೊಳೆಯಲು ಅವಕಾಶವುಂಟು. ಕೇಳುವವಳಿಗೆ ನೋವು ಎದೆಗಿಳಿಯಲು ಸಮಯವುಂಟು. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ, ಸುಮಾರು ಕ್ರಿ. ಶ. 700ರಲ್ಲಿಯೇ, ತ್ರಿಪದಿ ಕಾಣಿಸಿಕೊಂಡಿದೆ. ಆದುದರಿಂದ ಅದಕ್ಕೂ ಬ್ಲೂಸಿಗೂ ರಕ್ತಸಂಬಂಧವಿದೆಯೆಂದು ಯಾರೂ ಹೇಳಬೇಕಾಗಿಲ್ಲ. ದುಡಿಮೆ ಒಂದೇ ತೆರನಾದಾಗ ಹಾಡಿನ ಉಸಿರೂ ಒಂದೇ ತೆರನಾಗುತ್ತದೆಂದರೆ ಸಾಕು. ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ಎಂಬ ಸಂಗ್ರಹವನ್ನು ಅಚ್ಚು ಮಾಡಿದ್ದು 1931ರಲ್ಲಿ. ಅದೇ ಹೊತ್ತಿಗೆ ಅಮೇರಿಕೆಯಲ್ಲಿ ಬ್ಲೂಸ್ ಗ್ರಾಮಾಫೋನಿನ ತಟ್ಟೆಗಳ ಮೇಲೆ ಏರುತ್ತಿತ್ತು.

ಆ ತಟ್ಟೆಗಳ ಕಥೆಯೇ ಮುಂದಿನದು. 1920ರಲ್ಲಿ ಮೇಮಿ ಸ್ಮಿತ್ ಎಂಬಾಕೆ ಹಾಡಿದ ‘ಕ್ರೇಜಿ ಬ್ಲೂಸ್’ ಎಂಬ ತಟ್ಟೆ ಬಿಸಿ ದೋಸೆಯಂತೆ ಖರ್ಚಾಯಿತು. ಕರಿಯರೂ ದುಡ್ಡು ಕೊಟ್ಟು ಹಾಡು ಕೊಳ್ಳುತ್ತಾರೆಂಬುದು ಕಂಪನಿಗಳಿಗೆ ಆಗ ತಿಳಿಯಿತು. ಕೊಳ್ಳುವವರ ಬಣ್ಣ ನೋಡಿ ಆ ತಟ್ಟೆಗಳನ್ನು ‘ರೇಸ್ ರೆಕಾರ್ಡ್ಸ್’ ಎಂದು ಬೇರೆ ಪಟ್ಟಿಯಲ್ಲಿಟ್ಟರು. ಮಿಸಿಸಿಪ್ಪಿಯ ರಾಬರ್ಟ್ ಜಾನ್ಸನ್ 1936 ಮತ್ತು 1937ರಲ್ಲಿ ಟೆಕ್ಸಾಸಿನಲ್ಲಿ 29 ಹಾಡುಗಳನ್ನು ಮುದ್ರಿಸಿ, 1938ರಲ್ಲಿ, ತನ್ನ 27ನೆಯ ವಯಸ್ಸಿನಲ್ಲಿ ತೀರಿಕೊಂಡ. ಆತನ ಗಿಟಾರಿನ ಬೆರಳುಗಾರಿಕೆಯನ್ನು ಜಗತ್ತು ಬೆರಗಾಗಿ ಕೇಳತೊಡಗಿದ್ದು ಆತ ಸತ್ತು ಇಪ್ಪತ್ತು ವರ್ಷಗಳ ಮೇಲೆ.

ಇಷ್ಟರಲ್ಲಿ ಜನ ಹಳ್ಳಿ ಬಿಡತೊಡಗಿದ್ದರು. ದಕ್ಷಿಣದ ಬಡತನ, ಅವಮಾನ, ಹಿಂಸೆಗಳಿಂದ ಪಾರಾಗಲು ಲಕ್ಷಗಟ್ಟಲೆ ಕರಿಯರು ರೈಲು ಹತ್ತಿ ಉತ್ತರದ ಕಾರಖಾನೆಗಳಿಗೆ ಹೋದರು. 1941ರಲ್ಲಿ ಅಮೇರಿಕೆಯ ರಾಷ್ಟ್ರೀಯ ಗ್ರಂಥಾಲಯದ ಪರವಾಗಿ ಅಲನ್ ಲೋಮ್ಯಾಕ್ಸ್ ಎಂಬ ಜಾನಪದ ಸಂಗ್ರಾಹಕ ಮಿಸಿಸಿಪ್ಪಿಯ ಹತ್ತಿಯ ತೋಟವೊಂದಕ್ಕೆ ಹೋಗಿ ಮಡ್ಡಿ ವಾಟರ್ಸ್ ಎಂಬ ಕೂಲಿಗಾರನ ಹಾಡನ್ನು ಮುದ್ರಿಸಿಕೊಂಡ. ತನ್ನ ದನಿಯನ್ನು ಯಂತ್ರದಲ್ಲಿ ಕೇಳಿದ ಆ ಕೂಲಿಗಾರ 1943ರಲ್ಲಿ ಶಿಕಾಗೋ ಸೇರಿದ. ನಗರದ ಗುತ್ತೆಗಳ ಗದ್ದಲದಲ್ಲಿ ಬರಿಯ ಗಿಟಾರು ಯಾರಿಗೆ ಕೇಳಿಸೀತು? ಆತ ವಿದ್ಯುತ್ ಗಿಟಾರು ಹಿಡಿದ. ಪಕ್ಕಕ್ಕೆ ಡೋಲೂ ಬಂದು ಕುಳಿತಿತು. ಇನ್ನೂರು ವರ್ಷಗಳ ಹಿಂದೆ ಕಿತ್ತುಕೊಂಡದ್ದು ಹೊಸ ವೇಷದಲ್ಲಿ ಮರಳಿ ಬಂದಿತ್ತು.

1949ರಲ್ಲಿ ‘ಬಿಲ್‌ಬೋರ್ಡ್’ ಪತ್ರಿಕೆ ‘ರೇಸ್’ ಎಂಬ ಹೆಸರನ್ನು ಕೈಬಿಟ್ಟು ಈ ಸಂಗೀತವನ್ನು ‘ರಿದಮ್ ಅಂಡ್ ಬ್ಲೂಸ್’ ಎಂದು ಕರೆಯಿತು. 1951ರಲ್ಲಿ ಮೆಂಫಿಸ್ ನಗರದ ಸ್ಯಾಮ್ ಫಿಲಿಪ್ಸನ ಸಣ್ಣ ಮುದ್ರಣಾಲಯದಲ್ಲಿ ಐಕ್ ಟರ್ನರನ ತಂಡ ‘ರಾಕೆಟ್ 88’ ಎಂಬ ಹಾಡನ್ನು ಮುದ್ರಿಸಿತು. ದಾರಿಯಲ್ಲಿ ಕೆಟ್ಟಿದ್ದ ಧ್ವನಿವರ್ಧಕದೊಳಗೆ ಕಾಗದ ತುರುಕಿ ಕೆಲಸ ಸಾಗಿಸಿದರಂತೆ. ಆ ಗರಗರ ಸದ್ದೇ ಜನಕ್ಕೆ ಮೆಚ್ಚುಗೆಯಾಯಿತು. ಮೊಟ್ಟಮೊದಲ ರಾಕ್ ಅಂಡ್ ರೋಲ್ ತಟ್ಟೆ ಇದೇ ಎನ್ನುವವರು ಹಲವರು. ಅದೇ ವರ್ಷ ಕ್ಲೀವ್‌ಲ್ಯಾಂಡಿನ ರೇಡಿಯೋದಲ್ಲಿ ಅಲನ್ ಫ್ರೀಡ್ ಎಂಬ ಬಿಳಿಯ ನಿರೂಪಕ ಇಂತಹ ಹಾಡುಗಳನ್ನು ರಾತ್ರಿ ಕೇಳಿಸತೊಡಗಿದ. ಈ ಸಂಗೀತಕ್ಕೆ ‘ರಾಕ್ ಅಂಡ್ ರೋಲ್’ ಎಂಬ ಹೆಸರನ್ನು ಜನಜನಿತ ಮಾಡಿದವನು ಆತನೇ. ಹೆಸರನ್ನು ಆತ ಹುಟ್ಟಿಸಲಿಲ್ಲ. ತೂಗಾಟ, ಉರುಳಾಟಗಳನ್ನು ಸೂಚಿಸುವ ಆ ಎರಡು ಮಾತುಗಳು ಕರಿಯರ ಹಾಡುಗಳಲ್ಲಿ 1920ರ ದಶಕದಿಂದಲೇ ಇದ್ದವು. ಮನೆಯ ಮಗುವಿಗೆ ಮೂರು ಸಲ ನಾಮಕರಣವಾಯಿತು. ಮೂರು ಸಲವೂ ಹೆಸರಿಟ್ಟವರು ಹೊರಗಿನವರು.

ಹೆಸರಿನ ಮಾತು ಹಾಗಿರಲಿ, ಹಣದ ಮಾತೇನು? ಆರ್ಥರ್ ಕ್ರುಡಪ್ ಎಂಬ ಬ್ಲೂಸ್ ಗಾಯಕ 1946ರಲ್ಲಿ ಮುದ್ರಿಸಿದ ‘ದಟ್ಸ್ ಆಲ್ ರೈಟ್’ ಎಂಬ ಹಾಡನ್ನು 1954ರ ಜುಲೈ ತಿಂಗಳಲ್ಲಿ, ಅದೇ ಮೆಂಫಿಸಿನ ಮುದ್ರಣಾಲಯದಲ್ಲಿ, ಹತ್ತೊಂಬತ್ತು ವರ್ಷದ ಎಲ್ವಿಸ್ ಪ್ರೀಸ್ಲಿ ಹಾಡಿದ. ಎಲ್ವಿಸ್ ಲೋಕಪ್ರಸಿದ್ಧನಾದ, ಕ್ರುಡಪ್ ತನಗೆ ಸಲ್ಲಬೇಕಾದ ಗೌರವಧನಕ್ಕಾಗಿ ಹೋರಾಡುತ್ತಲೇ 1974ರಲ್ಲಿ ಕಣ್ಣು ಮುಚ್ಚಿದ. ಬಿಗ್ ಮಾಮಾ ಥಾರ್ನ್‌ಟನ್ ಎಂಬಾಕೆ 1952ರಲ್ಲಿ ‘ಹೌಂಡ್ ಡಾಗ್’ ಹಾಡಿದಳು. ಅದರಿಂದ ತನ್ನ ಕೈಗೆ ಬಂದದ್ದು ಒಟ್ಟು 500 ಡಾಲರು ಮಾತ್ರ ಎಂದು ಆಕೆ ಹೇಳುತ್ತಿದ್ದಳು. 1956ರಲ್ಲಿ ಅದೇ ಹಾಡನ್ನು ಎಲ್ವಿಸ್ ಹಾಡಿದಾಗ ದೇಶವೇ ಕುಣಿಯಿತು. ಎಲ್ವಿಸ್ ಕಳ್ಳನಲ್ಲ, ಕರಿಯರಿಂದ ತಾನು ಕಲಿತದ್ದನ್ನು ಆತ ಮುಚ್ಚಿಡಲಿಲ್ಲ. ಆದರೆ ಊರ ಬಾಗಿಲು ಒಬ್ಬನಿಗೆ ತೆರೆದು ಇನ್ನೊಬ್ಬನಿಗೆ ಮುಚ್ಚಿದ್ದಾಗ ತೆರೆದ ಬಾಗಿಲಿನಲ್ಲಿ ಹೋದವನಿಗೇ ಹಾರ ಬೀಳುತ್ತದೆ. ಹಾಡು ಗಡಿ ದಾಟಿತು, ಹಾಡಿದವರು ದಾಟಲಿಲ್ಲ. ಈ ಒಂದು ಮಾತನ್ನು ನೆನಪಿನಲ್ಲಿಟ್ಟುಕೊಂಡು ಈಗ ನಮ್ಮ ಸೀಮೆಗೆ ಬರೋಣ.

ಮುರಗಾಂವ ಬಂದರಿನಿಂದ ಕ್ಯಾಸಲ್‌ರಾಕಿನವರೆಗೆ ಪೋರ್ತುಗೀಜರ ಸೀಮೆಯ ರೈಲು, ಅಲ್ಲಿಂದೀಚೆಗೆ ಲೋಂಡಾದ ಕಡೆ ಸದರ್ನ್ ಮರಾಠಾ ರೈಲು, ಹೀಗೆ 1880ರ ದಶಕದಲ್ಲಿ ಘಟ್ಟದ ಮೇಲೂ ಕೆಳಗೂ ಕೂಡಿಕೊಂಡವು. ಮ್ಯಾಂಗನೀಸು, ಹತ್ತಿ, ಉಪ್ಪುಗಳ ಜೊತೆಗೆ ಈ ಹಳಿಯ ಮೇಲೆ ಇನ್ನೊಂದು ಸರಕೂ ಸಾಗಿತು. ಅದು ಪಿಟೀಲು, ತುತ್ತೂರಿಗಳ ಪೆಟ್ಟಿಗೆ. ಗೋವೆಯ ಇಗರ್ಜಿಗಳ ಶಾಲೆಗಳಲ್ಲಿ ಮಕ್ಕಳಿಗೆ ಅಕ್ಷರದ ಜೊತೆಗೆ ಪಾಶ್ಚಾತ್ಯ ಸ್ವರಲಿಪಿಯನ್ನೂ ಕಲಿಸುತ್ತಿದ್ದರು. ಊರಿನಲ್ಲಿ ಕೆಲಸವಿಲ್ಲದ ಆ ವಾದಕರು ಮುಂಬಯಿಗೆ ಹೊರಟರು. ಸ್ಟೀಮರಿನಲ್ಲಿ ಹೋದವರೂ ಇದ್ದರು. ರೈಲಿನಲ್ಲಿ ಹೋದವರು ಲೋಂಡಾ, ಬೆಳಗಾವಿ, ಮಿರಜಗಳನ್ನು ದಾಟಿ, ಪುಣೆಯಲ್ಲಿ ಗಾಡಿ ಬದಲಿಸಿ ಹೋಗಬೇಕಾಗಿತ್ತು. ಪಿಟೀಲುಗಾರ ಆಂಟನಿ ಗೊನ್ಸಾಲ್ವಿಸರ ಊರಾದ ಮಾಜೊರ್ಡಾ ಈ ಹಳಿಯ ಮೇಲಿನದೇ ಒಂದು ಸ್ಟೇಶನ್.

ಮುಂಬಯಿಯಲ್ಲಿ ಇವರಿಗೆ ಗುರುಗಳು ದೊರೆತರು. 1935ರಲ್ಲಿ ಲಿಯಾನ್ ಅಬ್ಬೆಯ ಕಪ್ಪು ಅಮೇರಿಕನ್ನರ ತಂಡ ತಾಜಮಹಲ್ ಹೋಟೆಲಿಗೆ ಬಂದು ಜಾಝ್ ನುಡಿಸಿತು. ಪಿಯಾನೋ ವಾದಕ ಟೆಡ್ಡಿ ವೆದರ್‌ಫರ್ಡ್ ಈ ದೇಶದಲ್ಲಿಯೇ ನಿಂತು 1945ರಲ್ಲಿ ಕಲಕತ್ತೆಯಲ್ಲಿ ತೀರಿಕೊಂಡ. ಬ್ಲೂಸಿನ ತಿರುವುಗಳನ್ನು ಗೋವೆಯ ವಾದಕರು ಕಲಿತದ್ದು ಇಂತಹವರನ್ನು ಕೇಳಿ. ಅಲ್ದೋನಾದ ಆಂತೋನಿಯೊ ಝೇವಿಯರ್ ವಾಝ್, ಅಂದರೆ ಚಿಕ್ ಚಾಕೊಲೇಟ್, ತುತ್ತೂರಿಯಲ್ಲಿ ಎಷ್ಟು ನುರಿತನೆಂದರೆ ಜನ ಆತನನ್ನು ಭಾರತದ ಲೂಯಿ ಆರ್ಮ್‌ಸ್ಟ್ರಾಂಗ್ ಎಂದರು. ಸಂಗೀತ ನಿರ್ದೇಶಕ ಸಿ. ರಾಮಚಂದ್ರರು ಆತನನ್ನು ಸಿನೇಮಾಕ್ಕೆ ಕರೆತಂದರು; 1951ರ ‘ಅಲಬೇಲಾ’ ಚಿತ್ರದ ಹಾಡಿನಲ್ಲಿ ಆತನ ತಂಡ ತೆರೆಯ ಮೇಲೂ ಕಾಣಿಸಿಕೊಂಡಿತು. ಬಿಲ್ ಹೇಲಿಯ ‘ರಾಕ್ ಅರೌಂಡ್ ದಿ ಕ್ಲಾಕ್’ ಮುದ್ರಣವಾದದ್ದು 1954ರ ಏಪ್ರಿಲಿನಲ್ಲಿ. ಮೂರೇ ವರ್ಷಗಳಲ್ಲಿ, 1957ರ ‘ಆಶಾ’ ಚಿತ್ರದಲ್ಲಿ, ರಾಮಚಂದ್ರರ ‘ಈನಾ ಮೀನಾ ಡೀಕಾ’ ಬಂದು ಹಿಂದೀ ಸಿನೇಮಾಕ್ಕೂ ರಾಕ್ ಅಂಡ್ ರೋಲ್ ಕಾಲಿಟ್ಟಿತು. ಅದರಲ್ಲಿ ಬರುವ ‘ಮಾಕಾ ನಾಕಾ’ ಎಂಬುದು ರಾಮಚಂದ್ರರ ಗೋವೆಯ ಸಹಾಯಕರು ಸೇರಿಸಿದ ಕೊಂಕಣಿ ಮಾತೆಂದು ಹೇಳುತ್ತಾರೆ. ‘ನನಗೆ ಬೇಡ’ ಎಂದು ಅದರ ಅರ್ಥ. ಬೆಳಗಾವಿಯ ಜನಕ್ಕೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಇಲ್ಲಿಯೂ ಪರದೆಯ ಮೇಲೆ ಹೆಸರು ಬಂದದ್ದು ನಿರ್ದೇಶಕರದು. ಸ್ವರಗಳನ್ನು ಕಾಗದಕ್ಕಿಳಿಸಿ, ವಾದ್ಯಗಳಿಗೆ ಹಂಚಿದ ಬಹುಮಂದಿ ಗೋವೆಯವರ ಹೆಸರು ಹಲವು ವರ್ಷ ಯಾರಿಗೂ ತಿಳಿಯಲಿಲ್ಲ.

ಹಳಿಯ ಮೇಲಿನ ಸಂಬಂಧ ಇಷ್ಟು. ಇನ್ನು ಕಾಡಿನೊಳಗಿನದು.

1510ರಲ್ಲಿ ಗೋವೆಯನ್ನು ಹಿಡಿದ ಪೋರ್ತುಗೀಜರು ಆಫ್ರಿಕೆಯ ಪೂರ್ವ ಕರಾವಳಿಯಿಂದ, ವಿಶೇಷವಾಗಿ ಮೊಝಾಂಬಿಕಿನಿಂದ, ಜನರನ್ನು ಹಿಡಿತಂದು ಮಾರುತ್ತಿದ್ದರು. 1583ರಿಂದ 1588ರವರೆಗೆ ಗೋವೆಯಲ್ಲಿದ್ದ ಡಚ್ಚರ ಲಿನ್‌ಸ್ಕೋಟನ್ ಅಲ್ಲಿನ ಗುಲಾಮರ ಸಂತೆಯನ್ನು ವರ್ಣಿಸಿದ್ದಾನೆ. ಪೋರ್ತುಗೀಜ ಸೀಮೆಯಲ್ಲಿ ಗುಲಾಮಗಿರಿ ಕಾಯಿದೆಯಿಂದ ರದ್ದಾದದ್ದು 1869ರಲ್ಲಿ, ಅಮೇರಿಕೆಗಿಂತಲೂ ನಾಲ್ಕು ವರ್ಷ ತಡವಾಗಿ. ಅಲ್ಲಿಯವರೆಗೆ ಕಾಯಲಾರದವರು ಘಟ್ಟ ಹತ್ತಿ ಓಡಿಬಂದರು. ಹಳಿಯಾಳ, ಯಲ್ಲಾಪುರ, ಅಂಕೋಲೆ, ಮುಂಡಗೋಡಗಳ ಕಾಡುಗಳಲ್ಲಿಯೂ, ನಮ್ಮ ಖಾನಾಪುರ ತಾಲೂಕಿನ ಕಾಡಂಚಿನಲ್ಲಿಯೂ, ಧಾರವಾಡ ಜಿಲ್ಲೆಯ ಕಲಘಟಗಿಯ ಕಡೆಯೂ ನೆಲೆಸಿದರು. ಇವರೇ ಸಿದ್ದಿಯರು. ಹಿಂದೂಗಳು, ಮುಸಲ್ಮಾನರು, ಕ್ರೈಸ್ತರು, ಮೂರೂ ಧರ್ಮದವರು ಅವರಲ್ಲಿದ್ದಾರೆ.

ಸಿದ್ದಿಯರ ಕೇರಿಯಲ್ಲಿ ತೊಗಲು ಬಿಗಿದ ಉದ್ದನೆಯ ಡೋಲೊಂದಿದೆ; ಅದನ್ನು ಡಮಾಮಿ ಎನ್ನುತ್ತಾರೆ. ದುಡಿದು ಬಂದ ಸಂಜೆ ಅದನ್ನು ಅಂಗೈಯಿಂದ ನುಡಿಸುತ್ತಾರೆ. ಹೆಂಗಸರು ಹೆಜ್ಜೆ ಹಾಕುತ್ತಾರೆ. ಒಬ್ಬರು ಎತ್ತಿಕೊಟ್ಟ ಸೊಲ್ಲನ್ನು ಉಳಿದವರು ಹಿಡಿಯುತ್ತಾರೆ. ಇಲ್ಲಿ ಉತ್ಸಾಹದಿಂದ ಹೆಚ್ಚು ಹೇಳಿಬಿಡುವ ಅಪಾಯವಿದೆ. ಬ್ಲೂಸ್ ಕಟ್ಟಿದವರ ಹಿರಿಯರು ಹೆಚ್ಚಾಗಿ ಪಶ್ಚಿಮ ಆಫ್ರಿಕೆಯವರು, ಸಿದ್ದಿಯರ ಹಿರಿಯರು ಪೂರ್ವದವರು. ಆಫ್ರಿಕೆಯೆಂದರೆ ಒಂದು ಊರಲ್ಲ. ‘ದಮಾಮ’ ಎಂಬ ಶಬ್ದವೂ ಪಾರಸಿಯದು. ಸೊಲ್ಲಿಗೆ ಸೊಲ್ಲು ಕೊಡುವುದು ನಮ್ಮ ಮೇಳಗಳಲ್ಲಿಯೂ ಉಂಟು. ಆದುದರಿಂದ ಡಮಾಮಿ ಬ್ಲೂಸಿನ ತಾಯಿಯಲ್ಲ. ಒಂದೇ ಅನ್ಯಾಯದ ಎರಡು ದಂಡೆಗಳಲ್ಲಿ ಹುಟ್ಟಿದ ಎರಡು ದನಿಗಳು ಇವೆಂದರೆ ತಪ್ಪಾಗದು.

ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದಾಗ ವಿಚಿತ್ರವೊಂದು ಕಾಣುತ್ತದೆ. ಅಮೇರಿಕೆಯಲ್ಲಿ ಡೋಲನ್ನು ಕಿತ್ತುಕೊಂಡರು. ದುಃಖ ಬೇರೆ ವಾದ್ಯ ಹುಡುಕಿಕೊಂಡು, ಒಡೆಯರ ಭಾಷೆಯಲ್ಲಿಯೇ ಹೊಸ ಕಾವ್ಯ ಕಟ್ಟಿ, ಒಡೆಯರ ಮಕ್ಕಳನ್ನೇ ಕುಣಿಸಿತು. ಇಲ್ಲಿ ಕಾಡು ಡೋಲನ್ನು ಕಾಪಾಡಿತು. ಆದರೆ ಮಾತು ಹೋಯಿತು. ಸಿದ್ದಿಯರು ಇಂದು ಆಡುವುದು ಕೊಂಕಣಿ, ಕನ್ನಡ, ಮರಾಠಿ, ಉರ್ದು. ಹಿರಿಯರ ಆಫ್ರಿಕೆಯ ನುಡಿಗಳು ಉಳಿದಿಲ್ಲ. ಅಲ್ಲಿಯವರಿಗೆ ರೈಲು ಸಿಕ್ಕಿತು, ಶಿಕಾಗೋ ಸಿಕ್ಕಿತು, ತಟ್ಟೆಯ ಕಂಪನಿಗಳು ಸಿಕ್ಕಿದವು. ಮೋಸವಾದರೂ ದನಿ ಉಳಿಯಿತು. ಇಲ್ಲಿಯವರ ಪಕ್ಕದಲ್ಲಿಯೇ ರೈಲು ನೂರಕ್ಕೂ ಹೆಚ್ಚು ವರ್ಷ ಓಡಿತು. ಆಫ್ರಿಕೆಯ ಲಯವನ್ನು ಅಮೇರಿಕೆಯಿಂದ ಸುತ್ತಿ ಬಂದ ತಟ್ಟೆಯಿಂದ ಕಲಿತ ವಾದಕರು ಅದೇ ಗಾಡಿಯಲ್ಲಿ ಕುಳಿತು ಸಿದ್ದಿಯರ ಕಾಡನ್ನು ದಾಟಿ ಹೋದರು. ಕಿಟಕಿಯಾಚೆಯ ಡೋಲಿಗೂ ತಮ್ಮ ತುತ್ತೂರಿಗೂ ಹಳೆಯ ನೆಂಟಸ್ತಿಕೆ ಇರಬಹುದೆಂದು ಯಾರಿಗೂ ಹೊಳೆಯಲಿಲ್ಲ. ನಮಗಾದರೂ ಹೊಳೆಯಿತೆ?

ಹೆಸರಿನ ಕಷ್ಟ ಇಲ್ಲಿಯೂ ತಪ್ಪಲಿಲ್ಲ. ಉತ್ತರ ಕನ್ನಡದ ಸಿದ್ದಿಯರನ್ನು ಪರಿಶಿಷ್ಟ ಪಂಗಡವೆಂದು ಒಪ್ಪಿಕೊಂಡದ್ದು 2003ರಲ್ಲಿ. ಜಿಲ್ಲೆಯ ಗಡಿಯ ಈಚೆಗಿದ್ದ ಬೆಳಗಾವಿ, ಧಾರವಾಡಗಳ ಸಿದ್ದಿಯರಿಗೆ ಆ ಮಾತು ಅನ್ವಯಿಸಲಿಲ್ಲ. ಅದೇ ಕಾಡು, ಅದೇ ಕುಲ, ಅದೇ ಡೋಲು. ನಡುವೆ ಕಾಗದದ ಮೇಲಿನ ಒಂದು ಗೆರೆ. ಆ ಗೆರೆ ಅಳಿಸಿಹೋಗಲು 2020ರ ಕಾಯಿದೆಯವರೆಗೆ, ಎಂದರೆ ಹದಿನೇಳು ವರ್ಷ, ಕಾಯಬೇಕಾಯಿತು. 2020ರಲ್ಲಿಯೇ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡು, ರಾಜ್ಯದ ಶಾಸಕ ಸಭೆಯೊಂದರಲ್ಲಿ ಕುಳಿತ ಮೊದಲ ಸಿದ್ದಿಯಾದರು. ರಂಗಭೂಮಿಗೂ ಸಿನೇಮಾಕ್ಕೂ ಸಿದ್ದಿಯರು ಬಂದಿದ್ದಾರೆ. ಉತ್ಸವಗಳ ಮೆರವಣಿಗೆಯಲ್ಲಿ ಡಮಾಮಿ ಕಾಣಿಸಿಕೊಳ್ಳುತ್ತದೆ. ಆದರೆ ಮೆರವಣಿಗೆಯಲ್ಲಿ ನೋಡುವುದು ಬೇರೆ, ಕುಳಿತು ಕೇಳುವುದು ಬೇರೆ.

ಕೇಳುವುದೆಂದರೇನೆಂಬುದಕ್ಕೆ ಒಂದು ದೃಷ್ಟಾಂತ. 1964ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ, ಗಾಡಿ ನಿಲ್ಲುವುದನ್ನು ಬಿಟ್ಟಿದ್ದ ಹಳೆಯ ರೈಲು ಸ್ಟೇಶನ್ನೊಂದರಲ್ಲಿ, ದೂರದರ್ಶನದವರು ಬ್ಲೂಸ್ ಕಛೇರಿಯೊಂದನ್ನು ಏರ್ಪಡಿಸಿದರು. ಒಂದು ಪ್ಲ್ಯಾಟ್‌ಫಾರ್ಮಿನ ಮೇಲೆ ಮಡ್ಡಿ ವಾಟರ್ಸ್, ಸಿಸ್ಟರ್ ರೊಸೆಟಾ ಥಾರ್ಪ್ ಮೊದಲಾದವರು. ಹಳಿಯಾಚೆಯ ಪ್ಲ್ಯಾಟ್‌ಫಾರ್ಮಿನ ಮೇಲೆ ಬಿಳಿಯ ತರುಣರು. ಮಳೆ ಹೊಡೆಯಿತು. ರೊಸೆಟಾ ವಿದ್ಯುತ್ ಗಿಟಾರು ಹಿಡಿದು ಹಾಡಿದಳು. 1940ರ ದಶಕದಲ್ಲಿಯೇ ಭಜನೆಯ ಹಾಡುಗಳಿಗೆ ಆ ವಾದ್ಯ ನುಡಿಸಿ ರಾಕ್ ಅಂಡ್ ರೋಲಿಗೆ ದಾರಿ ಮಾಡಿದವಳು ಆಕೆ. ತನ್ನ ದೇಶ ಮರೆಯುತ್ತಿದ್ದ ಹಿರಿಯರನ್ನು ಪರದೇಶದ ಮಕ್ಕಳು ಮಳೆಯಲ್ಲಿ ಕುಳಿತು ಕೇಳಿದರು. ಮಡ್ಡಿ ವಾಟರ್ಸನ ಒಂದು ಹಾಡಿನ ಹೆಸರನ್ನೇ ರೋಲಿಂಗ್ ಸ್ಟೋನ್ಸ್ ತಂಡ ಇಟ್ಟುಕೊಂಡಿತ್ತು. ಹೀಗೆ ಪರರು ಕೇಳಿದ ಮೇಲೆಯೇ ಅಮೇರಿಕೆ ತನ್ನ ಮನೆಯ ದನಿಗೆ ಕಿವಿಗೊಟ್ಟಿತು.

1977ರಲ್ಲಿ ಅಮೇರಿಕೆಯವರು ವಾಯೇಜರ್ ನೌಕೆಗಳಲ್ಲಿ ಭೂಮಿಯ ಸಂಗೀತದ ಚಿನ್ನದ ತಟ್ಟೆಯೊಂದನ್ನಿಟ್ಟು ನಕ್ಷತ್ರಗಳ ಕಡೆಗೆ ಕಳಿಸಿದರು. ಅದರಲ್ಲಿ ಕುರುಡ ಗಾಯಕ ಬ್ಲೈಂಡ್ ವಿಲ್ಲಿ ಜಾನ್ಸನ್ನನ ಗಿಟಾರು ಇದೆ. ರೈಲು ಹಳಿಯ ಪಕ್ಕ ಗಿಟಾರು ನುಡಿಸುವ ಹುಡುಗನನ್ನು ಕುರಿತ ಚಕ್ ಬೆರಿಯ ರಾಕ್ ಅಂಡ್ ರೋಲ್ ಹಾಡಿದೆ. ಗೋವೆಯ ಪೊಂಡಾ ತಾಲೂಕಿನ ಕೇರಿ ಎಂಬ ಹಳ್ಳಿಯಲ್ಲಿ ಹುಟ್ಟಿದ ಕೇಸರಬಾಯಿ ಕೇರಕರರ ಭೈರವಿಯೂ ಇದೆ. ಅಮೇರಿಕೆಯ ಕರಿಯರ ಹಾಡೂ ಗೋವೆಯ ದನಿಯೂ ಒಂದೇ ತಟ್ಟೆಯಲ್ಲಿ ಕುಳಿತು ಸೂರ್ಯನ ನೆರೆಹೊರೆಯನ್ನೇ ದಾಟಿ ಹೋಗಿವೆ.

ಡಮಾಮಿ ಅಲ್ಲಿಲ್ಲ. ಅದಕ್ಕಾಗಿ ದುಃಖಿಸಬೇಕಾಗಿಲ್ಲ, ಅದನ್ನು ಕೇಳಲು ನಕ್ಷತ್ರದವರೆಗೆ ಹೋಗಬೇಕಾಗಿಯೂ ಇಲ್ಲ. ನುಡಿಸುವವರು ನಮ್ಮ ನೆರೆಯಲ್ಲಿಯೇ ಇದ್ದಾರೆ. ಅವರ ಹಾಡುಗಳನ್ನು ಅವರವರ ಹೆಸರಿನೊಡನೆ ಬರೆದಿಡುವ, ಮುದ್ರಿಸಿಡುವ ಕೆಲಸ ಅಮೇರಿಕೆಯವರದೂ ಅಲ್ಲ, ಆಫ್ರಿಕೆಯವರದೂ ಅಲ್ಲ. ಟಟ್‌ವೈಲರಿನ ಸ್ಟೇಶನ್ನಿನಲ್ಲಿ ಹಾಡಿದವನು ಯಾರೆಂದು ಇಂದು ಎಷ್ಟು ಹುಡುಕಿದರೂ ತಿಳಿಯದು. ಮುಂದಿನ ಸಲ ಲೋಂಡಾದಲ್ಲಿ ಗಾಡಿ ತಡವಾದಾಗ, ಪಕ್ಕದಲ್ಲಿ ಕುಳಿತವರು ಹಾಡತೊಡಗಿದರೆ, ಹಾಡನ್ನು ಕೇಳೋಣ; ಹೆಸರನ್ನೂ ಕೇಳೋಣ.